ಬೇಟೆಗಾರರ ಚೀಲ ಮತ್ತು ಅಕ್ಕನ ಮರಿಗಳು

ಪುಣೆಯ ವ್ಯಾಪಾರಿಯೊಬ್ಬರು ಕಳಿಸಿದ ಮಾದರಿ ಚೀಲವನ್ನು ನಮ್ಮ ಮಾಲಕರು ಶೆಡ್ಡಿನ ತೊಲೆಗೆ ನೇತುಹಾಕಿ, ಕನ್ಯೆ ನೋಡಲು ಬಂದ ಬೀಗರ ಹಾಗೆ ಅದರ ಸುತ್ತ ತಿರುಗುತ್ತಿದ್ದರು. ಬೆನ್ನಿಗೆ ಹಾಕಿಕೊಳ್ಳುವ ಚೀಲ. ಅಷ್ಟು ದೊಡ್ಡದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ತಲೆಯ ಹಿಂದಿನಿಂದ ಸೊಂಟದ ಕೆಳಗಿನವರೆಗೆ ಉದ್ದ, ಅರ್ಧ ಸಂಸಾರ ಹಿಡಿಯುವಷ್ಟು ಅಗಲ. ಬೆನ್ನಿನ ಕಡೆ ಅಲ್ಯುಮಿನಿಯಂ ಪೈಪಿನ ಚೌಕಟ್ಟು. ಸೊಂಟಕ್ಕೆ ಬಿಗಿಯಲು ಅಂಗೈ ಅಗಲದ ಪಟ್ಟಿ. ಒಳಗೆ ಎರಡು ಮನೆ. ಮೇಲಿನದು ಬಟ್ಟೆಬರೆಗೆ, ಪಾತ್ರೆಗೆ. ಕೆಳಗಿನದಕ್ಕೆ ರಬ್ಬರ್ ಬಟ್ಟೆಯ ಒಳಪದರ ಮತ್ತು ಮಗ್ಗುಲಲ್ಲಿ ಗಾಳಿಯಾಡಲು ಹಿತ್ತಾಳೆಯ ಕಡಿ ಕೂಡಿಸಿದ ತೂತುಗಳು.

"ಇದ್ಯಾತಕ್ರೀ ಅಣ್ಣಾರ?" ಎಂದೆ.

"ಹೊಡದ ಪ್ರಾಣಿ ಇಡಾಕ. ರಕ್ತ ಸೋರಬಾರದಂತ," ಎಂದರು ಮಾಲಕರು. ಅವರು ಜೈನರು. ಆ ಮಾತನ್ನು ಹೇಳುವಾಗ ಬಾಯಿಗೆ ಬೇವು ಬಂದವರ ಹಾಗೆ ಮುಖ ಮಾಡಿದರು.

"ಬ್ಯಾಟಿ ಬಂದ್ ಆಗಿ ಎಷ್ಟ ವರ್ಸಾತ್ರಿ?"

"ಇಲ್ಲಿ ಬಂದ್. ಮಾಲು ಹೊರದೇಶಕ್ಕ ಹೋಗ್ತೈತಿ. ಗುಡ್ಡಾ ಹತ್ತಾವ್ರು, ಅಡಿವ್ಯಾಗ ಡೇರೆ ಹೊಡ್ಯಾವ್ರು, ಬ್ಯಾಟಿ ಆಡಾವ್ರು, ಮೂರೂ ಮಂದಿಗೆ ಇದ ಒಂದ ಚೀಲ. ಈ ಆರ್ಡರ್ ಸಿಕ್ರ ಶೆಡ್ಡಿನ ಬಾಗಲಾ ತೆರದಿರ್ತೈತಿ. ಇಲ್ಲಂದ್ರ ನಿಮಗೂ ನಮಗೂ ಜೈ ಜಿನೇಂದ್ರ."

ತಮಾಷೆಗೆ ಹೇಳಿದ್ದಲ್ಲ. ನಿಪ್ಪಾಣಿಯ ತಂಬಾಕಿನ ವಖಾರಗಳ ಹಿಂದಿನ ಓಣಿಯಲ್ಲಿ ನಮ್ಮದು ಪತ್ರಾಸಿನ ತಗಡಿನ ಶೆಡ್ಡು. ಎರಡು ದಪ್ಪ ಹೊಲಿಗೆಯ ಮಷಿನ್ನು, ಮೇಣ ಕಾಯಿಸುವ ಒಂದು ಹಂಡೆ, ಕೆಲಸಕ್ಕೆ ನಾಲ್ಕು ಜನ. ತಂಬಾಕಿನ ರಾಶಿಗೂ ಲಾರಿಗಳಿಗೂ ಹೊದಿಸುವ ಕ್ಯಾನ್ವಾಸಿನ ತಾಡಪತ್ರಿ ಹೊಲಿಯುವುದೇ ನಮ್ಮ ಅನ್ನ. ತೊಂಬತ್ತರ ದಶಕ ಬರುವ ಹೊತ್ತಿಗೆ ನೀಲಿ ಪ್ಲಾಸ್ಟಿಕ್ ಹಾಳೆ ಬಂತು. ಎರಡೇ ವರ್ಷಕ್ಕೆ ಹರಿಯುವ ಆ ಹಾಳೆಯನ್ನು ಜನ ಮುಗಿಬಿದ್ದು ಕೊಂಡರು. ನಾವು ಮಷಿನ್ನಿಗೆ ಎಣ್ಣೆ ಬಿಡುತ್ತ, ಮತ್ತೆ ಒರೆಸುತ್ತ ಕೂತೆವು.

ಮಾದರಿಯಂತೆ ಒಂದು ಚೀಲ ಹೊಲಿಯಬೇಕು, ಭಾರ ತುಂಬಿ, ನಡುವೆ ಇಳಿಸದೆ ಮಳೆಯಲ್ಲಿ ಹೊತ್ತು ನಡೆಯಬೇಕು, ಏನು ಹರಿಯಿತು, ಎಲ್ಲಿ ಸೋರಿತು ಎಂದು ವ್ಯಾಪಾರಿಗೆ ಹೇಳಬೇಕು. ಅವರ ಶರತ್ತು ಇಷ್ಟೇ.

ಕತ್ತರಿಸುವುದು, ಹೊಲಿಯುವುದು ನನ್ನ ಪಾಲಿಗೆ ಬಂತು. ಮೊದಲ ಚೀಲವನ್ನು ಅಂಗಳದಲ್ಲಿ ನೇತುಹಾಕಿ, ಒಳಗೆ ಹಳೆಯ ಪೇಪರು ತುರುಕಿ, ಮೇಲೆ ಕೊಡಗಟ್ಟಲೆ ನೀರು ಸುರಿದೆವು. ಪೇಪರು ಗಂಜಿಯಾಗಿ ಹೊರಬಂತು. ಬಟ್ಟೆ ಸೋರಿರಲಿಲ್ಲ, ಸೂಜಿ ಹೊಕ್ಕ ತೂತುಗಳೆಲ್ಲ ಸೋರಿದ್ದವು. ಎಲ್ಲ ಬಿಚ್ಚಿ, ದಾರವನ್ನು ಮೇಣದಲ್ಲಿ ಅದ್ದಿ ಮತ್ತೆ ಹೊಲಿದೆ. ಆಗಲೂ ತಳದ ಮೂಲೆಗಳು ಒದ್ದೆಯಾದವು. ಕೊನೆಗೆ ಮೇಣಕ್ಕೆ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಬೆರೆಸಿ ತೆಳುವಾಗಿ ಕಾಯಿಸಿ, ಬಿಸಿಯಿದ್ದಾಗಲೇ ಬ್ರಶ್ಶಿನಿಂದ ಒಳಗೂ ಹೊರಗೂ ಬಳಿದೆ. ಎಣ್ಣೆ ಬೆರೆತರೆ ಮೇಣ ಸೂಜಿಯ ತೂತಿನೊಳಕ್ಕೂ ಇಳಿಯುತ್ತದೆ. ಮೂರನೆಯ ಸಲ ಪೇಪರು ಒಣಗಿದ್ದು ಒಣಗಿದಂತೆಯೇ ಬಂತು. ಚೌಕಟ್ಟಿನ ಪೈಪು ಭಾರಕ್ಕೆ ಬಾಗಿತ್ತು. ಅದರೊಳಗೆ ಇನ್ನೊಂದು ಸಣ್ಣ ಪೈಪು ಕೂಡಿಸಿದೆ.

ಇನ್ನು ಹೊರುವವರಾರು? ಎಲ್ಲರೂ ನನ್ನ ಮುಖ ನೋಡಿದರು. ನಾನು ಹೊಳೆದಂಡೆಯ ಭೋಜ ಎಂಬ ಊರಿನ ಕುರುಬರ ಮನೆಯವನು, ಕುರಿ ಬಿಟ್ಟು ಕತ್ತರಿ ಹಿಡಿದವನು. ನನ್ನ ಅಕ್ಕ, ಅವಳ ಗಂಡನಾದ ನನ್ನ ಮಾಮಾ ಇನ್ನೂ ಹಿಂಡಿನ ಹಿಂದೆಯೇ ಇದ್ದರು. ಮಳೆಗಾಲದಲ್ಲಿ ನಮ್ಮ ಕಡೆಯ ಕೆಸರಿಗೆ ಕುರಿಗಳ ಕಾಲು ಕೊಳೆಯುತ್ತವೆಂದು ಅವರು ಅಥಣಿಯ ಒಣ ಸೀಮೆಗೆ ಹೋಗಿ, ಚಿತ್ತಿ ಮಳೆಯ ಹೊತ್ತಿಗೆ ಭೋಜಕ್ಕೆ ತಿರುಗುತ್ತಾರೆ. ಅವರ ಜೊತೆ ನಡೆದು ಬಂದರೆ ವ್ಯಾಪಾರಿ ಕೇಳಿದ್ದೆಲ್ಲ ಆಗುತ್ತದೆ ಎಂದು ಮಾಲಕರು ಲೆಕ್ಕ ಹಾಕಿದರು. ಲೆಕ್ಕ ಸರಿಯಾಗಿಯೇ ಇತ್ತು.

ಚೀಲದ ಎರಡೂ ಮನೆಗಳಿಗೆ ಉಸುಕಿನ ಪೊಟ್ಟಣ ತುಂಬಿ, ಅಥಣಿಗೆ ಬಸ್ಸಿನಲ್ಲಿ ಹೋಗಿ, ಊರಾಚೆಯ ಬೀಳಿನಲ್ಲಿ ಹಿಂಡನ್ನು ಹುಡುಕಿಕೊಂಡೆ. ಅಕ್ಕ ದೂರದಿಂದಲೇ ಕೂಗಿದಳು.

"ಏನೋ ತಮ್ಮಾ, ಮನಿನ ಹೊತಗೊಂಡ ಬಂದೀಯೇನು? ಹೆಂಡ್ತಿ ಹೊರಗ ಹಾಕ್ಯಾಳೇನಲೇ?"

"ಮನಿ ಅಲ್ಲವಾ, ಉಸುಕು."

"ಉಸುಕು! ಕೇಳಿದ್ರೇನ್ರಿ? ಹೊಳಿ ದಂಡಿ ಮಂದಿ ಕಡೆ ಉಸುಕ ಹೊತಗೊಂಡ ಬಂದಾನ ನಮ್ಮ ಶಾಣ್ಯಾ."

ಮಾಮಾ ಹೆಚ್ಚು ಮಾತಿನವನಲ್ಲ. ಚೀಲವನ್ನು ಬೆನ್ನಿಗೆ ಹಾಕಿಕೊಂಡು, ಸೊಂಟದ ಪಟ್ಟಿ ಬಿಗಿದು, ಹಿಂಡಿನ ಸುತ್ತ ಒಂದು ಸುತ್ತು ಬಂದ. "ವಜ್ಜಿ ಹೆಗಲಿಗಿ ಇಲ್ಲ, ಟೊಂಕಕ್ಕೈತಿ. ಛಲೋ ಕೆಲಸಾ," ಎಂದ. ಆ ಒಂದು ಮಾತಿಗೆ ನಾನು ಉಬ್ಬಿಹೋದೆ.

ಮೊದಲ ದಿನಗಳು ಪರೀಕ್ಷೆಯ ದಿನಗಳಾಗಿಯೇ ಕಳೆದವು. ಹೆಗಲ ಪಟ್ಟಿ ಚರ್ಮ ಕೆತ್ತಿತು. ಅಕ್ಕ ಹಳೆಯ ಕಂಬಳಿಯ ತುಂಡು ಕೊಟ್ಟಳು, ಪಟ್ಟಿಯ ಅಡಿಗೆ ಮಡಿಸಿ ಹೊಲಿದೆ. ಬಕ್ಕಲ್ ಒಂದು ಜಾರುತ್ತಿತ್ತು, ಪಟ್ಟಿಯನ್ನು ಎರಡು ಸಲ ಸುತ್ತಿ ಹಾಯಿಸಿದೆ. ಹೊಲಿಗೆಗಳನ್ನು ಬೆರಳಾಡಿಸಿ ನೋಡುವುದು ನನ್ನ ಬೆಳಗಿನ ಪೂಜೆಯಾಯಿತು. ಕುರಿಗಳು ಮಾತ್ರ ಚೀಲದ ಹತ್ತಿರ ಬಂದರೆ ಮೂಗು ಅರಳಿಸಿ ಪಕ್ಕಕ್ಕೆ ಸರಿದುಬಿಡುತ್ತಿದ್ದವು. ಇಷ್ಟು ದೊಡ್ಡ ಗಂಟು ನೋಡಿ ಬೆದರುತ್ತವೆ ಎಂದು ನಾವು ನಕ್ಕೆವು.

ನಗುವುದಕ್ಕೂ ಅವರಿಗೆ ಆ ವರ್ಷ ಕಷ್ಟವಿತ್ತು. ಹಿಂದಿನ ವರ್ಷ ಬೇನೆ ಬಿದ್ದು ಅರ್ಧ ಹಿಂಡು ಹೋಗಿತ್ತು. ಈ ಸಲ ಹುಟ್ಟುವ ಹೆಣ್ಣುಮರಿಗಳಿಂದಲೇ ಹಿಂಡು ಮತ್ತೆ ತುಂಬಬೇಕಿತ್ತು. ಗಬ್ಬದ ಕುರಿಗಳನ್ನು ಅಕ್ಕ ಒಂದೊಂದಾಗಿ ಹೊಟ್ಟೆ ಸವರಿ ಮಾತಾಡಿಸುತ್ತಿದ್ದಳು. "ಭೋಜದ ತನಕ ತಡಿರೆವಾ, ದಾರ್ಯಾಗ ಬ್ಯಾಡ," ಎನ್ನುತ್ತಿದ್ದಳು.

ಅವು ತಡೆಯಲಿಲ್ಲ. ಕೃಷ್ಣೆಯ ಸೇತುವೆ ಇನ್ನೂ ದೂರವಿರುವಾಗಲೇ ಒಂದು ಮುಂಜಾನೆಯಿಂದ ಮಧ್ಯಾಹ್ನದೊಳಗೆ ಐದು ಕುರಿಗಳು ಈದವು. ಐದೂ ಹೆಣ್ಣುಮರಿ. ಅಕ್ಕನ ಮುಖ ಬೆಳಗಿತು. ಎಳೆಮರಿಯನ್ನು ಎತ್ತುವ ಮುನ್ನ ನಮ್ಮವರಲ್ಲಿ ಒಂದು ಪದ್ಧತಿಯಿದೆ. ಕುರಿಯ ಹಿಕ್ಕೆಯನ್ನು ಅಂಗೈಯಲ್ಲಿ ಪುಡಿಮಾಡಿ ತಿಕ್ಕಿಕೊಳ್ಳಬೇಕು. ಮನುಷ್ಯನ ಕೈ ವಾಸನೆ, ಸಾಬಾಣದ ವಾಸನೆ ಮರಿಗೆ ಹತ್ತಬಾರದು. ತಾಯಿ ತನ್ನ ಮರಿಯನ್ನು ಕಣ್ಣಿನಿಂದ ಗುರುತಿಸುವುದಿಲ್ಲ, ಮೂಗಿನಿಂದ ಗುರುತಿಸುತ್ತದೆ. "ಪ್ಯಾಟಿ ಕೈ ಅದಾವ ನಿನ್ವು, ಛಂದಂಗ ತಿಕ್ಕೋ," ಎಂದು ಅಕ್ಕ ನನಗೆ ಎರಡೆರಡು ಸಲ ತಿಕ್ಕಿಸಿದಳು. ಮರಿಗಳನ್ನು, ಅವರ ಸಾಮಾನು ಹೊರುವ ಕುದುರೆಯ ಬೆನ್ನಿನ ಬಲೆಯಂಥ ಜಾಳಿಗೆಯಲ್ಲಿ ಕೂಡಿಸಿ ಹೊರಟೆವು. ಜಾಳಿಗೆ ತಲೆಮಾರಿನಿಂದ ಮರಿ ಹೊತ್ತದ್ದು, ಅದಕ್ಕೆ ಕುರಿಯದೇ ನಾತ.

ಮಳೆ ಒಮ್ಮೆಲೇ ಬಂತು. ಚಿತ್ತಿ ಮಳೆಗೆ ಸುಳಿವೂ ಇರುವುದಿಲ್ಲ, ಸಂಕೋಚವೂ ಇರುವುದಿಲ್ಲ. ಯರಿಯ ಕಪ್ಪು ಮಣ್ಣಿನ ದಾರಿ ಕ್ಷಣದಲ್ಲಿ ಬೆಣ್ಣೆಯಾಯಿತು. ಇಳಿಜಾರಿನಲ್ಲಿ ಕುದುರೆ ಜಾರಿ ಮಗ್ಗುಲಾಗಿ ಬಿತ್ತು. ಮಾಮಾ ಮರಿಗಳನ್ನು ಬಿಡಿಸಿಕೊಂಡ, ಒಂದಕ್ಕೂ ಪೆಟ್ಟಾಗಿರಲಿಲ್ಲ. ಆದರೆ ಕುದುರೆ ಎದ್ದು ನಿಂತಾಗ ಹಿಂಗಾಲು ನೆಲಕ್ಕೆ ಊರಲಿಲ್ಲ. ಅದರ ಮೇಲೆ ಇನ್ನು ಹುಲ್ಲುಕಡ್ಡಿಯನ್ನೂ ಹೇರುವಂತಿರಲಿಲ್ಲ.

ಸುತ್ತ ಗಿಡವಿಲ್ಲ, ಗುಡಿಸಲಿಲ್ಲ. ಮಾಮಾ ಕುದುರೆಯ ಗಂಟನ್ನು ತನ್ನ ತಲೆಗೆ ಏರಿಸಿದ. ಹಿಂಡು ಮಳೆಗೆ ಬೆನ್ನು ಕೊಟ್ಟು ಚೆದುರತೊಡಗಿತ್ತು, ಅದನ್ನು ಹಿಡಿಯಲು ಅವನೇ ಬೇಕು. ಅಕ್ಕ ಒಂದು ಮರಿಯನ್ನು ತಾನು ಹೊದ್ದ ಕಂಬಳಿಯ ಮಡಿಕೆಯಲ್ಲಿ ಎದೆಗೆ ಕಟ್ಟಿಕೊಂಡಳು. ಎರಡನೆಯದಕ್ಕೆ ಅಲ್ಲಿ ಜಾಗವಿರಲಿಲ್ಲ. ನಾಲ್ಕು ಮರಿಗಳು ಕೆಸರಿನಲ್ಲಿ ನಿಂತು ನಡುಗುತ್ತಿದ್ದವು. ಹುಟ್ಟಿ ಅರ್ಧ ದಿನವಾಗದ ಮರಿ ನೆನೆದರೆ ಹೊತ್ತು ಮುಳುಗುವುದರೊಳಗೆ ಸೆಟೆದುಹೋಗುತ್ತದೆ. ಇದು ನನಗೂ ಗೊತ್ತಿತ್ತು.

ಅಕ್ಕ ನನ್ನ ಬೆನ್ನು ನೋಡಿದಳು.

"ತಮ್ಮಾ, ಉಸುಕ ಸುರವು."

ಭಾರ ಇಳಿಸದೆ ಪೂರ್ತಿ ನಡೆಯಬೇಕೆಂದು ವ್ಯಾಪಾರಿ ಹೇಳಿದ್ದು ಒಂದು ಗಳಿಗೆ ನೆನಪಾಯಿತು. ಆರ್ಡರ್ ಹೋದರೆ ಹೋಗಲಿ ಎಂದುಕೊಂಡು ಉಸುಕನ್ನೆಲ್ಲ ಕೆಸರಿಗೆ ಸುರಿದೆ. ಕೈಗೆ ಹಿಕ್ಕೆ ತಿಕ್ಕಿಕೊಂಡೇ ಮರಿಗಳನ್ನು ಎತ್ತಿದೆ. ರಬ್ಬರ್ ಪದರದ ಕೆಳಮನೆಯಲ್ಲಿ ಎರಡು, ಮೇಲಿನದರಲ್ಲಿ ಎರಡು. ಚೀಲದ ಬಾಯಿಯನ್ನು ಗಾಳಿಗಷ್ಟು ಸಡಿಲ ಬಿಟ್ಟು ಕಟ್ಟಿ, ಕಡಿಗಳಲ್ಲಿ ಗಾಳಿಯಾಡುತ್ತಿದೆಯೇ ಎಂದು ಬೆರಳಿಟ್ಟು ನೋಡಿ, ಬೆನ್ನಿಗೇರಿಸಿದೆ.

ಆ ನಡಿಗೆಯಷ್ಟು ಸುಖದ ನಡಿಗೆಯನ್ನು ನಾನು ಬೇರೆ ನಡೆದಿಲ್ಲ. ಬೆನ್ನಿಗೆ ಮರಿಗಳ ಬಿಸುಪು ಹತ್ತುತ್ತಿತ್ತು. ಸಣ್ಣ ಗೊರಸುಗಳು ಒದೆಯುತ್ತಿದ್ದವು. ಮಳೆ ಚೀಲದ ಮೇಲೆ ಬಿದ್ದು ಹನಿಹನಿಯಾಗಿ ಉರುಳಿಹೋಗುತ್ತಿತ್ತು. ಸೇತುವೆ ದಾಟುವಾಗ ಗಾಳಿಗೆ ನಾನು ಓಲಾಡಿದೆ, ಚೌಕಟ್ಟು ಕಿರ್ ಎನ್ನಲಿಲ್ಲ. ಇಂಥ ಚೀಲ ನಾನು ಹೊಲಿದಿದ್ದೇನೆ ಎಂದು ಎದೆ ತುಂಬಿ ಬಂತು.

ಅಂಕಲಿಯ ಅಂಚಿನಲ್ಲಿ ರೈತರೊಬ್ಬರ ಬೆಲ್ಲದ ಗಾಣದ ಛಪ್ಪರ ಖಾಲಿಯಿತ್ತು. "ಬರ್ರಿ ಬರ್ರಿ, ಒಳಗ ಹೊಡ್ಕೊಂಡ ಬರ್ರಿ," ಎಂದು ಅವರೇ ಜಾಗ ಬಿಟ್ಟರು. ಇನ್ನೂ ಬೆಳಕಿತ್ತು. ಚೀಲದ ಬಾಯಿ ಬಿಚ್ಚಿದೆ. ನಾಲ್ಕೂ ಮರಿ ಬೆಚ್ಚಗೆ, ಒಣಗಿ, ಕಿವಿ ಅಲ್ಲಾಡಿಸುತ್ತ ಹೊರಬಂದವು. ಒಳಗೆ ಕೈಯಾಡಿಸಿದೆ, ಹನಿ ನೀರಿಲ್ಲ. ಮಾಮಾ ನನ್ನ ಬೆನ್ನು ಚಪ್ಪರಿಸಿ, "ಪಾಸ್ ಆತಲೇ ನಿನ್ನ ಚೀಲಾ," ಎಂದ.

ಅಕ್ಕ ಐದೂ ತಾಯಿಕುರಿಗಳನ್ನು ತಂದು ಮರಿಗಳ ಮುಂದೆ ಬಿಟ್ಟಳು. ಕಂಬಳಿಯಲ್ಲಿ ಬಂದ ಮರಿಯನ್ನು ಅದರ ತಾಯಿ ಮೂಸಿ, ಗಂಟಲಲ್ಲೇ ಗುರುಗುಟ್ಟಿ, ಹಾಲಿಗೆ ಬಿಟ್ಟುಕೊಂಡಿತು. ಉಳಿದ ನಾಲ್ಕು ಕುರಿಗಳು ಮೂಸಿದವು, ಹಿಂದೆ ಸರಿದವು. ಮರಿಗಳು ಕೆಚ್ಚಲಿಗೆ ಬಾಯಿ ಹಾಕಲು ಹೋದವು. ತಾಯಿಗಳು ತಲೆಯಿಂದ ಗುದ್ದಿ ಕೆಡವಿದವು. ಮರಿ ಎದ್ದು ಮತ್ತೆ ಹೋಯಿತು, ಮತ್ತೆ ಗುದ್ದು.

"ಹಿಂಗ್ಯಾಕ ಮಾಡಾಕತ್ತಾವ?" ಎಂದ ಮಾಮಾ.

ಅಕ್ಕ ಒಂದು ಮರಿಯನ್ನೆತ್ತಿ ಅದರ ನೆತ್ತಿ ಮೂಸಿದಳು. ಕಂಬಳಿಯ ಮರಿಯನ್ನು ಮೂಸಿದಳು. ಆಮೇಲೆ ಚೀಲದ ಬಾಯಿಗೆ ಮೂಗಿಟ್ಟು ಥಟ್ಟನೆ ತೆಗೆದಳು.

"ಇದೆಂಥಾ ವಾಸನಿಲೇ?"

"ಯಾವ ವಾಸನಿ?" ನಾನೂ ಮೂಗಿಟ್ಟೆ. ನನಗೆ ಏನೂ ತಿಳಿಯಲಿಲ್ಲ.

"ಚಿಮಣಿ ಎಣ್ಣಿ! ಮೇಣಾ! ನಿನಗ ಬರವಲ್ದೇನು?"

ನಿಜವಾಗಿಯೂ ಬರುತ್ತಿರಲಿಲ್ಲ. ವರ್ಷಗಟ್ಟಲೆ ಆ ಹಂಡೆಯ ಪಕ್ಕ ಕೂತ ಮೂಗು ಅದು. ಅಕ್ಕನೂ ಅಷ್ಟು ಹೊತ್ತು ಅದನ್ನು ಯೋಚಿಸಿರಲಿಲ್ಲ. ಕೈಗೆ ಹಿಕ್ಕೆ ತಿಕ್ಕಲು ಮರೆಯದವಳಿಗೆ ಚೀಲದ ನಾತ ಯಾಕೆ ಹೊಳೆಯಲಿಲ್ಲವೆಂದರೆ, ಅವಳ ಸಂಸಾರದಲ್ಲಿ ಕುರಿಯ ನಾತವಿಲ್ಲದ ವಸ್ತುವೇ ಇರಲಿಲ್ಲ. ಕಂಬಳಿ, ಜಾಳಿಗೆ, ಹಗ್ಗ, ಕುದುರೆಯ ಬೆನ್ನು, ಅವಳ ಸೀರೆಯ ಸೆರಗು, ಎಲ್ಲಕ್ಕೂ ಅದೇ ನಾತ. ಮರಿಯನ್ನು ಯಾವುದರಲ್ಲಿಟ್ಟರೂ ಅದು ಮರಿಯಾಗಿಯೇ ಉಳಿಯುತ್ತಿತ್ತು. ಹೊರಗಿನ ವಸ್ತುವೊಂದು ಅವರ ಬಾಳಿನೊಳಗೆ ಬಂದದ್ದು ನನ್ನ ಬೆನ್ನ ಮೇಲೆ.

ಆ ಸಂಜೆಯಿಂದಲೇ ಹೋರಾಟ. ಬೆಚ್ಚನೆಯ ನೀರಿನಲ್ಲಿ ಮರಿಗಳನ್ನು ಒರೆಸಿದೆವು. ಮೇಣ ಎಳೆಯ ಉಣ್ಣೆಯ ಬುಡಕ್ಕೆ ಹತ್ತಿತ್ತು. ಸೂಜಿಯ ತೂತಿಗೂ ಇಳಿಯಲಿ ಎಂದು ನಾನೇ ತೆಳುವಾಗಿ ಕಾಯಿಸಿದ ಮೇಣ ಅದು, ನೀರಿಗೆ ಹೋಗುತ್ತದೆಯೇ? ಆಯಾ ತಾಯಿಯ ಹಾಲು ಹಿಂಡಿ ಆಯಾ ಮರಿಯ ಮೈಗೆ ಸವರಿದೆವು. ನೆಕ್ಕಲಿ ಎಂದು ಉಪ್ಪು ಸವರಿದೆವು. ಒಂದು ಕುರಿ ಉಪ್ಪಿನಾಸೆಗೆ ನಾಲಿಗೆ ಚಾಚಿತು. ಅಕ್ಕ ಉಸಿರು ಹಿಡಿದು ನೋಡಿದಳು. ನೆಕ್ಕಿ ಮುಗಿಸಿ ಅದೂ ಗುದ್ದಿತು. ಮಾಮಾ ಕುರಿಗಳನ್ನು ಕೆಡವಿ ಕಾಲು ಹಿಡಿದ, ಮರಿಯ ಬಾಯಿಗೆ ನಾನು ಮೊಲೆ ಕೊಟ್ಟೆ. ಕುರಿ ಸೊರೆ ಬಿಡಲಿಲ್ಲ, ಹಾಲು ಇಳಿಸಲಿಲ್ಲ. ಹಾಲಿದ್ದ ಕೆಚ್ಚಲನ್ನು ಮರಿ ಬರಿದೇ ಚೀಪಿತು. ಗಾಣದ ರೈತರು ಆಕಳ ಹಾಲು ತಂದುಕೊಟ್ಟರು, ಬಟ್ಟೆಯ ಬತ್ತಿಯಿಂದ ಕುಡಿಸಿದೆವು. ಅದು ಮರಿಗಳ ಹೊಟ್ಟೆಗೆ ಒಗ್ಗದೆ ಭೇದಿ ಹತ್ತಿತು.

ಇದೆಲ್ಲಕ್ಕಿಂತ ನನ್ನನ್ನು ಕೊಂದದ್ದು ಬೇರೆ. ಆ ನಾಲ್ಕು ಕುರಿಗಳು ಮರಿಯನ್ನು ಮರೆತಿರಲಿಲ್ಲ. ಛಪ್ಪರದಿಂದ ತಪ್ಪಿಸಿಕೊಂಡು ಮತ್ತೆ ಮತ್ತೆ ಸೇತುವೆಯ ಕಡೆ ಓಡುತ್ತಿದ್ದವು. ತಾವು ಈದ ಜಾಗಕ್ಕೆ, ಹೊಳೆಯ ಆಚೆಗೆ, ತಮ್ಮ ಮರಿ ಹುಡುಕಲು. ಮಾಮಾ ಅಡ್ಡ ನಿಂತು ತಿರುಗಿಸುತ್ತಿದ್ದ. ಅವು ಆ ದಂಡೆಯತ್ತ ಮುಖ ಮಾಡಿ ಅರಚುತ್ತಿದ್ದವು. ಇಲ್ಲಿ ಅವುಗಳ ಕಾಲ ಬಳಿಯೇ ಮರಿಗಳು ಅರಚುತ್ತಿದ್ದವು. ಕಿವಿ ಮುಚ್ಚಿಕೊಂಡರೂ ಕೇಳುತ್ತಿತ್ತು.

ಮೂರು ದಿನದೊಳಗೆ ನಾಲ್ಕೂ ಹೋದವು. ಕೊನೆಯದು ಅಕ್ಕನ ತೊಡೆಯ ಮೇಲೆ, ನಡುಹಗಲಲ್ಲಿ. ನಾನು ಅಳುತ್ತಿದ್ದೆ. ಅಕ್ಕ ಅಳಲಿಲ್ಲ.

"ನಿಂದೇನ ತಪ್ಪಿಲ್ಲೋ ತಮ್ಮಾ. ಸುರವು ಅಂದಾಕಿ ನಾನ. ಮಳ್ಯಾಗ ಬಿಟ್ಟಿದ್ರೂ ಸಾಯತಿದ್ವು," ಎಂದಳು. ಸ್ವಲ್ಪ ಹೊತ್ತು ಮರಿಯ ಕಿವಿ ಸವರಿದಳು. "ಆದ್ರ ಮಳ್ಯಾಗ ಸತ್ತಿದ್ರ, ಅವ್ವ ನೆಕ್ಕೋತ ಕುಂತಿರತಿದ್ಳು."

ಮರಿಯನ್ನು ಅವಳ ತೊಡೆಯಿಂದ ನಾನೇ ಎತ್ತಿಕೊಂಡೆ.

ಮರಿಗಳನ್ನು ಹೊಳೆಯ ದಂಡೆಯಲ್ಲಿ ಹೂಳಿದೆವು. ಅಲ್ಲೇ ಉಸುಕು ತುಂಬಿಕೊಂಡು ಚೀಲವನ್ನು ಮತ್ತೆ ಬೆನ್ನಿಗೇರಿಸಿದೆ. ಚಿಕ್ಕೋಡಿ ದಾಟಿ ಭೋಜದವರೆಗೆ ಇನ್ನೂ ನಡೆಯುವುದಿತ್ತು. ಈಗ ನಾನು ಪರೀಕ್ಷೆ ಮಾಡುತ್ತಿರಲಿಲ್ಲ, ಹಗೆ ಸಾಧಿಸುತ್ತಿದ್ದೆ. ಬೇಕೆಂದೇ ಮುಳ್ಳುಬೇಲಿಗೆ ಒರೆಸಿಕೊಂಡು ನಡೆದೆ. ನಿಂತಲ್ಲೆಲ್ಲ ಕಲ್ಲಿನ ಮೇಲೆ ಎತ್ತಿ ಒಗೆದೆ. ಒಂದು ಹೊಲಿಗೆ ಬಿಚ್ಚಲಿ, ಒಂದು ಪಟ್ಟಿ ಹರಿಯಲಿ, ಇದು ಕೆಟ್ಟ ಚೀಲ ಎಂದು ಹೇಳಲು ನನಗೊಂದು ಕಾರಣ ಸಿಗಲಿ ಎಂದು ದೇವರಲ್ಲಿ ಬೇಡಿಕೊಂಡೆ. ಮಾಮಾ ನೋಡಿಯೂ ನೋಡದವನಂತೆ ಮುಂದೆ ನಡೆದ. ಏನೂ ಹರಿಯಲಿಲ್ಲ.

ನಿಪ್ಪಾಣಿಯಲ್ಲಿ ಮಾಲಕರು ಚೀಲವನ್ನು ತೊಲೆಗೆ ನೇತುಹಾಕಿ, ಒಳಹೊರಗು ತಿರುವಿ ನೋಡಿದರು. ಪುಣೆಯ ವ್ಯಾಪಾರಿಯೂ ಬಂದು ಹೊಲಿಗೆಗಳನ್ನು ಉಗುರಿನಿಂದ ಕೆದಕಿದರು. ನಾನು ನಡೆದದ್ದನ್ನೆಲ್ಲ ಹೇಳಿ, "ವಾಸನಿ ಭಾಳ ಕೆಟ್ಟ ಐತ್ರಿ," ಎಂದೆ. ವ್ಯಾಪಾರಿ ಒಳ್ಳೆಯವರೇ, ಕೇಳಿ ಮರುಗಿದರು. ಆಮೇಲೆ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: ಇದರಲ್ಲಿ ಇಡುವುದು ಸತ್ತ ಪ್ರಾಣಿಯನ್ನಲ್ಲವೇ, ಅದನ್ನು ಯಾವ ತಾಯಿ ಬಂದು ಮೂಸಬೇಕು?

ಚಿಮಣಿ ಎಣ್ಣೆ ಬಿಟ್ಟು ಬರೀ ಮೇಣದಿಂದ ಇನ್ನೊಂದು ಮಾಡಿ ನೋಡುತ್ತೇನೆಂದು ಹಟ ಹಿಡಿದೆ. ಮಾಡಿದೆ. ನೀರು ಸುರಿದೆವು. ಪೇಪರು ಗಂಜಿಯಾಗಿ ಬಂತು.

ಮಾಲಕರು ನನ್ನನ್ನು ಪಕ್ಕಕ್ಕೆ ಕರೆದರು. "ನಿನ್ನ ಮನಸ ಏನ ಹೇಳತೈತಿ, ಅದನ್ನ ಹೇಳು. ಬ್ಯಾಡಂದ್ರ ನಾ ಆರ್ಡರ್ ಬಿಡ್ತೀನಿ." ಆ ಮಾತನ್ನು ಅವರು ಮನಸ್ಸಿನಿಂದಲೇ ಆಡಿದರು. ಅದೇ ನನಗೆ ಕಷ್ಟವಾಯಿತು. ಉಳಿದ ಮೂವರು ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ಚೀಲ ಪಕ್ಕಾ ಐತ್ರಿ ಅಣ್ಣಾರ," ಎಂದೆ. "ಗುಡ್ಡಾ ಹತ್ತಾವ್ರಿಗೆ, ಡೇರೆ ಹೊಡ್ಯಾವ್ರಿಗೆ, ಬ್ಯಾಟಿ ಆಡಾವ್ರಿಗೆ, ಎಲ್ಲಾರಿಗೂ ನಡೀತೈತಿ." ಅದರಲ್ಲಿ ಒಂದು ಮಾತೂ ಸುಳ್ಳಲ್ಲ.

ಆರ್ಡರ್ ಬಂತು. ಶೆಡ್ಡಿನ ಬಾಗಿಲು ತೆರೆದೇ ಉಳಿಯಿತು. ಮೇಣ ಬಳಿಯುವ ಕೆಲಸ ನನ್ನದೇ ಆಯಿತು, ಆ ಹದ ನನ್ನ ಕೈಗಷ್ಟೇ ಬರುತ್ತಿತ್ತು.

ಆಮೇಲಿನ ಎರಡನೆಯ ಸುಗ್ಗಿ ಮುಗಿದಾಗ, ಭೋಜದಲ್ಲಿ ಕೊಯ್ದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಅಕ್ಕನ ಹಿಂಡು ಕೂಡಿಸಿದ್ದರು. ಹೋದೆ. ಕಂಬಳಿಯಲ್ಲಿ ಬಂದಿದ್ದ ಆ ಐದನೆಯ ಮರಿ ಈಗ ತಾಯಿಯಾಗಿತ್ತು, ಅದರ ಕಾಲ ಬಳಿ ಹಿಂದಿನ ದಿನ ಹುಟ್ಟಿದ ಮರಿಯಿತ್ತು. ಎತ್ತಿಕೊಳ್ಳುವ ಆಸೆಯಾಯಿತು. ಹಿಕ್ಕೆ ಪುಡಿಮಾಡಿ, ಅಕ್ಕ ಹೇಳಿದಂತೆ ಎರಡೆರಡು ಸಲ, ಮೊಣಕೈವರೆಗೆ ತಿಕ್ಕಿಕೊಂಡು ಹತ್ತಿರ ಹೋದೆ. ತಾಯಿಕುರಿ ಮೂಗು ಅರಳಿಸಿತು. ಮರಿಯನ್ನು ಹಿಂದೆ ಮಾಡಿಕೊಂಡು ಹೆಜ್ಜೆ ಹೆಜ್ಜೆಯಾಗಿ ಸರಿಯಿತು.

"ಬ್ಯಾಡೋ ತಮ್ಮಾ," ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ಮರಿಗೆ ಕೈ ಹಚ್ಚಬ್ಯಾಡ. ಅಲ್ಲೇ ದೂರ ನಿಂತ ನೋಡು."

ಕುರುಬರ ಮಗ ನಾನು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ದೂರ ನಿಂತು ನೋಡಿದೆ.